ತಿರುವಿನ ಹುಲ್ಲು

ರೈಟಕ್ಕ ಎಂಬ ಹೆಸರು ಅವಳಿಗೆ ಬಂದದ್ದು ಅವಳ ಗಂಟಲಿನಿಂದ. ಬಸ್ ಕಂಡಕ್ಟರ್ ಆಗಿ ಸೇರಿದ ಹೊಸತರಲ್ಲಿ ಅವಳು "ರೈಟ್" ಎಂದು ಕೂಗಿದರೆ ತನ್ನ ಬಸ್ಸಷ್ಟೇ ಅಲ್ಲ, ಹಿಂದೆ ನಿಂತ ಬಸ್ಸೂ ಹೊರಟುಬಿಡುತ್ತದೆ ಎಂದು ಡಿಪೋದವರು ತಮಾಷೆ ಮಾಡುತ್ತಿದ್ದರು. ಒಂದು ಸಲ ನಿಜವಾಗಿಯೂ ಹಾಗೇ ಆಯಿತು. ಹಿಂದಿನ ಬಸ್ಸು ಹೊರಟುಹೋಯಿತು, ಅದರ ಕಂಡಕ್ಟರು ಕೈಯಲ್ಲಿ ಚಹಾ ಲೋಟ ಹಿಡಿದು ಅಂಗಡಿಯಲ್ಲೇ ಉಳಿದ. ಅಂದಿನಿಂದ ಡ್ರೈವರುಗಳಿಗೆ, ಪ್ರಯಾಣಿಕರಿಗೆ, ಬೀದಿಯವರಿಗೆ, ಸಿಟ್ಟು ಬಂದಾಗ ಒಡಹುಟ್ಟಿದ ತಮ್ಮನಿಗೂ ಅವಳು ರೈಟಕ್ಕನೇ.

ಮದುವೆಯ ಮಾತು ಬಂದಾಗಲೆಲ್ಲ "ನನ್ನ ಸ್ಟಾಪು ಇನ್ನೂ ಬಂದಿಲ್ಲ" ಎಂದು ಜಾರಿಕೊಂಡಳು. ಹಾಗೆ ಜಾರಿಕೊಳ್ಳುತ್ತಲೇ ಕಿವಿಯ ಬಳಿಯ ಕೂದಲು ಬೆಳ್ಳಗಾಯಿತು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅವರ ಮನೆಯಲ್ಲಿ ಅವಳು, ತಮ್ಮ ಮತ್ತು ತಮ್ಮನ ಹೆಂಡತಿ ಒಟ್ಟಿಗಿದ್ದರು. ತಮ್ಮನಿಗೆ ಬಸ್ ನಿಲ್ದಾಣದ ಹತ್ತಿರ ಒಂದು ಕ್ಷೌರದಂಗಡಿ. ತಮ್ಮನ ಹೆಂಡತಿ ಹೊಲಿಗೆ ಮಾಡುತ್ತಿದ್ದಳು. ಮಾತು ಕಡಿಮೆ, ಕೆಲಸ ಚೊಕ್ಕ. ಮನೆಯ ಮುಂದೆ ಕಾಂಪೌಂಡ್ ಗೋಡೆಯೊಳಗೆ ತಕ್ಕಮಟ್ಟಿನ ಒಂದು ಅಂಗಳವಿತ್ತು. ಅಪ್ಪ ಬದುಕಿದ್ದಾಗ ಅಲ್ಲಿ ಹಸಿರು ಹಾಸು ಬೆಳೆಸಬೇಕೆಂದು ಬೇರೆಲ್ಲಿಂದಲೋ ಮಣ್ಣು ಸಮೇತ ಕತ್ತರಿಸಿದ ಹುಲ್ಲಿನ ತುಂಡುಗಳನ್ನು ತರಿಸಿ ಹಾಸಿದ್ದರು. ಪ್ರತಿ ಬೇಸಿಗೆಯಲ್ಲೂ ಅದು ಸುಟ್ಟ ಕಂಬಳಿಯಂತಾಗುತ್ತಿತ್ತು. ಅವರ ನಂತರ ಅಂಗಳದಲ್ಲಿ ಉಳಿದದ್ದು ಗಟ್ಟಿ ನೆಲ, ಮನೆ ಕಟ್ಟಿದ ಕಾಲದ ಇಟ್ಟಿಗೆ ಚೂರು, ಮೂಲೆಯಲ್ಲೊಂದು ತುಕ್ಕು ಹಿಡಿದ ನೀರಿನ ಡ್ರಮ್ಮು.

ರೈಟಕ್ಕನಿಗೆ ಆ ಅಂಗಳದ ಕಡೆ ಗಮನವೇ ಇರಲಿಲ್ಲ. ಅವಳ ತೋಟ ಬೇರೆ ಕಡೆ ಇತ್ತು. ಪೇಟೆಯಿಂದ ಗಿರಣಿಯವರೆಗೆ ಹೋಗುವ ಅವಳ ಬಸ್ಸಿನ ದಾರಿಯಲ್ಲಿ ಒಂದು ಕಡಿದಾದ ತಿರುವು. ಅಲ್ಲಿ ಎಂಥ ಡ್ರೈವರನೂ ಗೇರು ಇಳಿಸಲೇಬೇಕು, ಬಸ್ಸು ಏದುಸಿರು ಬಿಡುತ್ತ ನಿಧಾನವಾಗಲೇಬೇಕು. ತಿರುವಿನ ಒಳಬದಿಗೆ ಕಲ್ಲು ಮಣ್ಣಿನ ಇಳಿಜಾರು, ಅದರ ತುಂಬ ಆಳೆತ್ತರದ ಹುಲ್ಲು. ಯಾರೂ ನೆಟ್ಟದ್ದಲ್ಲ, ನೀರು ಹಾಕಿದ್ದಲ್ಲ. ಮಳೆಗಾಲದಲ್ಲಿ ನೀಲಿ ಬೆರೆತ ಹಸಿರು. ಮಳೆ ಮುಗಿದು ಬಿಸಿಲು ಬಿದ್ದ ಮೇಲೆ ಬುಡದಿಂದ ಮೇಲಕ್ಕೆ ನಿಧಾನವಾಗಿ ತಾಮ್ರದ ಬಣ್ಣ ಏರುತ್ತಿತ್ತು. ತೆನೆಗಳು ಬಿಚ್ಚಿಕೊಂಡ ವಾರಗಳಲ್ಲಿ ಬೆಳಗಿನ ಮೊದಲ ಬಸ್ಸು ಆ ತಿರುವಿಗೆ ಬರುವಾಗ ಸೂರ್ಯ ಹುಲ್ಲಿನ ಬೆನ್ನ ಹಿಂದೆ ಇರುತ್ತಿದ್ದ. ಇಡೀ ಇಳಿಜಾರಿಗೆ ದೀಪ ಹಚ್ಚಿದಂತೆ ಕಾಣುತ್ತಿತ್ತು. ಟಿಕೆಟ್ ಹರಿಯುತ್ತಿದ್ದ ಅವಳ ಕೈ ಅಲ್ಲಿ ಒಂದು ಕ್ಷಣ ನಿಲ್ಲುತ್ತಿತ್ತು. ಡ್ರೈವರಣ್ಣನಿಗೆ ಅದು ಗೊತ್ತಿತ್ತು. ಎಷ್ಟೋ ವರ್ಷ ಅವಳ ಜೊತೆ ಒಂದೇ ಬಸ್ಸಿನಲ್ಲಿ ದುಡಿದವನು. ಆ ತಿರುವಿನಲ್ಲಿ ಬೇಕಿದ್ದಕ್ಕಿಂತ ತುಸು ಹೆಚ್ಚೇ ನಿಧಾನ ಮಾಡುತ್ತಿದ್ದ.

ಒಂದು ದಿನ ಪೇಟೆಯೊಳಗೆ ಸೈಕಲ್ಲೊಂದು ಅಡ್ಡ ಬಂದು ಬಸ್ಸಿಗೆ ಜೋರಾಗಿ ಬ್ರೇಕು ಬಿತ್ತು. ರೈಟಕ್ಕ ಮೆಟ್ಟಿಲಿನಿಂದ ರಸ್ತೆಗೆ ಬಿದ್ದಳು. ಸೈಕಲ್ಲಿನವನಿಗೆ ಏನೂ ಆಗಲಿಲ್ಲ. ಇವಳ ಮೊಣಕಾಲಿನ ಚಿಪ್ಪು ಒಡೆಯಿತು. ಆಸ್ಪತ್ರೆ, ಪಟ್ಟಿ ಎಲ್ಲ ಮುಗಿಸಿ ಊರುಗೋಲು ಹಿಡಿದು ಕೆಲಸಕ್ಕೆ ಹೋದಾಗ ಮೇಲಿನವರು, "ಇನ್ನು ಓಡೋ ಬಸ್ಸಲ್ಲಿ ನಿಲ್ಲೋದು ಆಗಲ್ಲ" ಎಂದು ಅವಳನ್ನು ಡಿಪೋದ ಹಿಂಬದಿಯ ಕೋಣೆಗೆ ಹಾಕಿದರು. ಬಸ್ಸುಗಳಲ್ಲಿ ಜನ ಮರೆತುಹೋದ ಸಾಮಾನುಗಳೆಲ್ಲ ಬಂದು ಸೇರುವ ಕೋಣೆ ಅದು. ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಕನ್ನಡಕಗಳು, ಒಮ್ಮೆ ಒಂದು ಜೊತೆ ಹಲ್ಲುಸೆಟ್ಟು. ಕಿಟಕಿ ತೆರೆದರೆ ಎದುರಿಗೆ ಟೈರು ರಾಶಿ. ಅಲ್ಲಿ ಕೂಗುವುದಕ್ಕೆ ಏನೂ ಇರಲಿಲ್ಲ. ಮೊದಲ ತಿಂಗಳು ಅವಳು ಕೊಡೆಗಳನ್ನು ಬಿಚ್ಚಿ ಒರೆಸಿ ಮಡಚಿ, ಮತ್ತೆ ಬಿಚ್ಚಿ ಒರೆಸಿ ಮಡಚಿ ಕಳೆದಳು.

ಡ್ರೈವರಣ್ಣ ಆಗಾಗ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದ. ಒಂದು ಮಧ್ಯಾಹ್ನ ಬಂದವನು ಒಳಗೆ ಬರದೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ನಿನ್ನ ತಿರುವು ಹೋಗ್ತಿದೆ ರೈಟಕ್ಕ."

"ಎಲ್ಲಿಗೆ ಹೋಗುತ್ತೆ?"

"ರಸ್ತೆ ನೇರ ಮಾಡ್ತಾರಂತೆ. ಇಳಿಜಾರನ್ನ ಕಡಿದು ಸಮ ಮಾಡೋ ಯಂತ್ರ ಆಗಲೇ ಬಂದು ನಿಂತಿದೆ. ಮುಂದಿನ ವಾರ ಶುರು."

ಅವಳು ಕೈಯಲ್ಲಿದ್ದ ಕೊಡೆಯನ್ನು ಮಡಚಿ ಕೆಳಗಿಟ್ಟಳು. "ನಾಳೆ ನಿನ್ನ ಬಸ್ಸಿಗೆ ಬರ್ತೀನಿ. ಗುದ್ದಲಿ ಹಿಡ್ಕೊಂಡು ಹತ್ತಬಹುದಲ್ಲ?"

"ಗುದ್ದಲಿಗೆ ಅರ್ಧ ಟಿಕೆಟ್" ಎಂದ ಡ್ರೈವರಣ್ಣ.

ಮರುದಿನ ಅವಳು ರಜೆ ಹಾಕಿ, ಗೋಣಿಚೀಲಗಳನ್ನೂ ಗುದ್ದಲಿಯನ್ನೂ ತಗೊಂಡು ಬಸ್ಸು ಹತ್ತಿದಳು. ತಿರುವಿನಲ್ಲಿ ಇಳಿದು, ರಸ್ತೆ ಕೆಲಸದ ಮೇಸ್ತ್ರಿಯನ್ನು ಕೇಳಿದಳು. ಅವನು ಅವಳ ಊರುಗೋಲನ್ನೂ ಗುದ್ದಲಿಯನ್ನೂ ನೋಡಿ, "ಹೇಗೂ ಮಣ್ಣಡಿಗೆ ಹೋಗೋದು ತಾಯಿ. ಬೇಕಾದಷ್ಟು ತಗೊಂಡ್ಹೋಗಿ" ಎಂದ. ಅದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬೇರುಗಳು ಕಲ್ಲಿನ ಸಂದಿಯಲ್ಲಿ ಇಳಿದು ಕೂತಿದ್ದವು. ಎಲೆಯ ಅಂಚುಗಳು ಬ್ಲೇಡಿನಂತೆ, ಅಂಗೈಯಲ್ಲಿ ಗೀರು ಬಿದ್ದು ರಕ್ತ ಬಂತು. ಮೊಣಕಾಲು ಮಡಚಲಾಗದೆ ಅವಳು ನೆಲಕ್ಕೆ ಕೂತು, ಒಂದು ಕಾಲು ಚಾಚಿಕೊಂಡೇ ಅಗೆದಳು. ಸಂಜೆಯ ಬಸ್ಸು ಬರುವ ಹೊತ್ತಿಗೆ ಮಣ್ಣು ಸಮೇತ ಕಿತ್ತ ಬುಡಗಳು ಚೀಲಗಳ ತುಂಬ ಇದ್ದವು. ತಾಮ್ರದ ಬಣ್ಣಕ್ಕೆ ತಿರುಗುವ ಎತ್ತರದ ಹುಲ್ಲೇ ಹೆಚ್ಚು. ಜೊತೆಗೆ ಬಾಗಿದ ತೆನೆಯ ಒಂದು ಗಿಡ್ಡ ಜಾತಿ, ಅದನ್ನು ಅವಳು ಮನಸ್ಸಿನಲ್ಲೇ ಕುದುರೆಬಾಲ ಎಂದು ಕರೆಯುತ್ತಿದ್ದಳು.

ಬಸ್ಸಿನವರೆಲ್ಲ ಮೊದಲು ಧೂಳಿಗೆ ಮೂಗು ಮುಚ್ಚಿಕೊಂಡು, ಆಮೇಲೆ ನಗುತ್ತ, ಚೀಲಗಳನ್ನು ಇಳಿಸಲು ಕೈಜೋಡಿಸಿದರು.

ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಇದೇನು ಅತ್ತಿಗೆ, ದನ ತರ್ತಿದ್ದೀರಾ?"

"ದನ ಇಲ್ಲ. ಹುಲ್ಲು ನೋಡೋಕೆ ಅಷ್ಟೇ."

"ನೋಡೋಕೆ ಹುಲ್ಲಾ" ಎಂದಷ್ಟೇ ಹೇಳಿ ಅವಳು ಒಳಗೆ ಹೋದಳು. ಅವಳ ಮುಖ ಬಾಡಿದ್ದನ್ನು ರೈಟಕ್ಕ ಗಮನಿಸಲಿಲ್ಲ.

ಮೊದಲ ವರ್ಷ ಅವಳು ಆ ಹುಲ್ಲನ್ನು ಪ್ರೀತಿಯಿಂದಲೇ ಕೊಂದಳು ಎನ್ನಬೇಕು. ಆಳದ ಗುಂಡಿ ತೋಡಿ, ಒಳ್ಳೆಯ ಗೊಬ್ಬರ ತುಂಬಿ, ಗಾಳಿಗೆ ಬೀಳಬಾರದೆಂದು ಪ್ರತಿಯೊಂದು ಬುಡವನ್ನೂ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೀರು. ಹುಲ್ಲು ಮೊದಮೊದಲು ಕೊಬ್ಬಿ ಬೆಳೆಯಿತು. ಆಮೇಲೆ ಉಂಡು ಮಲಗಿದ ನೆಂಟನಂತೆ ನಾಲ್ಕೂ ಕಡೆಗೆ ಬಿದ್ದುಕೊಂಡಿತು. ನಡುಭಾಗ ಕಪ್ಪಾಗಿ ಕೊಳೆತು, ಹಿಡಿದೆಳೆದರೆ ಹಿಡಿಗಟ್ಟಲೆ ಕೈಗೆ ಬರತೊಡಗಿತು. ಅರ್ಧಕ್ಕರ್ಧ ಸತ್ತವು.

ತಮ್ಮ ಸಮಾಧಾನ ಹೇಳಿದ. "ಹೋಗ್ಲಿ ಬಿಡಕ್ಕ. ಕಾಡಲ್ಲಿ ಬೆಳೆಯೋದು ಕಾಡಿಗೇ ಸರಿ."

"ಕಾಡೇ ಇಲ್ವಲ್ಲೋ ಈಗ" ಎಂದಳು ರೈಟಕ್ಕ. ಅಷ್ಟು ಹೊತ್ತಿಗೆ ಆ ತಿರುವು ಹೋಗಿ, ರಸ್ತೆ ಗೆರೆ ಎಳೆದಂತೆ ನೇರವಾಗಿತ್ತು.

ಕೊಳೆತ ಒಂದು ಬುಡವನ್ನು ಅವಳು ಕಾಗದದಲ್ಲಿ ಸುತ್ತಿ ಡಿಪೋಗೆ ಒಯ್ದಳು. ಯಾಕೆ ಒಯ್ದಳೆಂದು ಅವಳಿಗೇ ಗೊತ್ತಿರಲಿಲ್ಲ. ಸತ್ತದ್ದು ಯಾಕೆ ಎಂದು ತಿಳಿಯುವವರೆಗೆ ಎಸೆಯಲು ಮನಸ್ಸಾಗಲಿಲ್ಲ. ಅದೇ ವಾರ ಕೊಡೆ ಹುಡುಕಿಕೊಂಡು ಒಬ್ಬ ಮೇಡಂ ಬಂದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವವರು, ಕೊಡೆ ಮರೆಯುವುದರಲ್ಲಿ ನಿಸ್ಸೀಮರು. ರೈಟಕ್ಕ ಅವರ ಮುಖ ಕಂಡಕೂಡಲೇ ಹಸಿರು ಹಿಡಿಯ ಕೊಡೆಯನ್ನು ಎತ್ತಿ ಕೊಡುತ್ತಿದ್ದಳು. ಆ ದಿನ ಮೇಡಂ ಕೊಡೆಯನ್ನು ಕಂಕುಳಲ್ಲಿಟ್ಟುಕೊಂಡು ಮೇಜಿನ ಮೇಲಿದ್ದ ಬುಡವನ್ನು ನೋಡಿದರು.

"ಇದನ್ನ ಯಾರು ಬಸ್ಸಲ್ಲಿ ಬಿಟ್ಟುಹೋದ್ರು?"

"ಯಾರೂ ಅಲ್ಲ ಮೇಡಂ. ನಾನೇ ಸಾಯಿಸಿದ್ದು."

ಮೇಡಂ ಬುಡವನ್ನು ತಿರುಗಿಸಿ, ಮೂಸಿ, ಉಗುರಿನಿಂದ ಕೆರೆದು ನೋಡಿದರು. "ಏನು ತಿನ್ನಿಸಿದ್ರಿ ಇದಕ್ಕೆ?"

"ಒಳ್ಳೇ ಗೊಬ್ಬರ. ದಿನಾ ಎರಡು ಹೊತ್ತು ನೀರು."

"ಅದಕ್ಕೇ. ಇದು ಕಲ್ಲಲ್ಲಿ ಹುಟ್ಟಿ ಬೆಳೆದದ್ದು, ಉಪವಾಸ ಇದ್ದು ಗಟ್ಟಿಯಾದದ್ದು. ನೀವು ಮೂರು ಹೊತ್ತು ಔತಣ ಹಾಕಿದ್ರಿ. ಅತಿಯಾದ್ರೆ ಅಮೃತನೂ ವಿಷ ಅಂತಾರಲ್ಲ. ಆಮೇಲೆ, ಬುಡ ಎಷ್ಟು ಆಳಕ್ಕೆ ಇಟ್ರಿ?"

ರೈಟಕ್ಕ ತನ್ನ ಕುತ್ತಿಗೆಯ ಮೇಲೆ ಕೈಯಿಟ್ಟು ತೋರಿಸಿದಳು. ಮೇಡಂ ನಕ್ಕುಬಿಟ್ಟರು. ಆಮೇಲೆ ಕೂತುಕೊಂಡು, ಬಸ್ಸು ತಪ್ಪಿದರೂ ಪರವಾಗಿಲ್ಲವೆಂದು ಎಲ್ಲ ಬಿಡಿಸಿ ಹೇಳಿದರು. ಬೇರು ಮತ್ತು ಎಲೆ ಕೂಡುವ ಜಾಗ ನೆಲದ ಮಟ್ಟಕ್ಕೇ ಇರಬೇಕು, ಅದಕ್ಕೆ ಗಾಳಿ ಬೇಕು. ಗೊಬ್ಬರ ಬೇಡವೇ ಬೇಡ. ನೆಟ್ಟ ಮೊದಲ ವರ್ಷ ಮಾತ್ರ ನೀರು, ಅದೂ ಅಪರೂಪಕ್ಕೆ, ಆದರೆ ಹಾಕಿದಾಗ ಆಳಕ್ಕೆ ಇಳಿಯುವ ಹಾಗೆ. ಮೇಲೆ ಮೇಲೆ ಚಿಮುಕಿಸಿದರೆ ಬೇರು ಸೋಮಾರಿಯಾಗಿ ಮೇಲೇ ಉಳಿಯುತ್ತದೆ. ಒಣಗಿದ ಮೇಲೆ ಕಿತ್ತು ಹಾಕಬಾರದು, ಒಣಗಿಯೇ ಅದು ಚೆಂದ. ಹೊಸ ಚಿಗುರು ಏಳುವ ಮುಂಚೆ, ಬೇಸಿಗೆಯ ಕೊನೆಗೆ, ನೆಲದಿಂದ ಒಂದು ಗೇಣು ಬಿಟ್ಟು ಕತ್ತರಿಸಬೇಕು. ವರ್ಷಕ್ಕೆ ಅದೊಂದೇ ಕ್ಷೌರ.

"ಇದಕ್ಕೊಂದು ದೊಡ್ಡ ಹೆಸರಿದೆ" ಎಂದು ಮೇಡಂ ಅದನ್ನೂ ಹೇಳಿದರು. ರೈಟಕ್ಕ ಎರಡು ಸಲ ಹೇಳಲು ನೋಡಿ, ನಾಲಿಗೆ ತೊಡರಿ ಬಿಟ್ಟುಬಿಟ್ಟಳು. "ನನಗೆ ತಾಮ್ರ ಅಂತಾನೇ ಇರ್ಲಿ ಮೇಡಂ."

"ಅದೂ ಸರಿಯಾದ ಹೆಸರೇ" ಎಂದರು ಮೇಡಂ, ಎದ್ದು ಹೊರಟರು. ಕೊಡೆ ಅಲ್ಲೇ ಉಳಿಯಿತು.

ರೈಟಕ್ಕ ಉಳಿದ ಬುಡಗಳನ್ನೆಲ್ಲ ಮೇಲೆತ್ತಿದಳು. ಗೊಬ್ಬರದ ಮಣ್ಣನ್ನು ಹೊರಕ್ಕೆ ಹಾಕಿ, ಅಪ್ಪನ ಕಾಲದ ಇಟ್ಟಿಗೆ ಚೂರು, ಮರಳು ಬೆರೆಸಿ ಮತ್ತೆ ನೆಟ್ಟಳು. ಆಮೇಲೆ ಅವಳಿಗೆ ಅತಿ ಕಷ್ಟದ ಕೆಲಸ ಬಂತು, ಸುಮ್ಮನಿರುವುದು. ಸಂಜೆ ಕೆಲಸದಿಂದ ಬಂದು, ನೀರಿನ ಬಕೆಟ್ಟಿನ ಕಡೆ ಹೋಗುವ ಕೈಯನ್ನು ತಡೆದುಕೊಂಡು, ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದಳು. ಎರಡನೆಯ ಮಳೆಗಾಲದಲ್ಲಿ ಹುಲ್ಲು ಎದ್ದು ನಿಂತಿತು. ಬೀಳಲಿಲ್ಲ, ನೆಟ್ಟಗೇ ನಿಂತಿತು. ಮಳೆ ಹೋಗಿ ತೆನೆ ಮೂಡಿದಾಗ, ಬುಡದಲ್ಲಿ ಮೊದಲ ತಾಮ್ರದ ಬಣ್ಣ ಕಂಡಾಗ, ಅವಳು ಡ್ರೈವರಣ್ಣನನ್ನು ಮನೆಗೆ ಕರೆಸಿ ತೋರಿಸಿದಳು. ಅವನು ಗೇಟಿನಲ್ಲೇ ನಿಂತು ಬಹಳ ಹೊತ್ತು ನೋಡಿ, "ಇಲ್ಲಿ ಗೇರು ಇಳಿಸಬೇಕು" ಎಂದ.

ಬೀದಿಯವರು ಬೇರೆ ಥರ ಮಾತಾಡಿದರು. ಎದುರುಮನೆಯ ಪಿಂಚಣಿ ತಾತ ಗೋಡೆಯಾಚೆಯಿಂದ, "ಮನೆ ಮಾರೋಕಿದ್ಯಾ ಅಂತ ಯಾರೋ ಕೇಳ್ತಿದ್ರು. ಪಾಳು ಬಿದ್ದಿದೆ ಅಂದ್ಕೊಂಡ್ರಂತೆ" ಎಂದರು. ರೈಟಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ. ದಿನವಿಡೀ ಬೈಯುವ ಪ್ರಯಾಣಿಕರ ನಡುವೆ ಬದುಕಿದವಳಿಗೆ ಇದೆಲ್ಲ ಯಾವ ಲೆಕ್ಕ?

ತೆನೆಗಳು ಪೂರ್ತಿ ಬಿಚ್ಚಿಕೊಳ್ಳುವುದಕ್ಕೆ ಇನ್ನು ಕೆಲವೇ ದಿನ ಎನ್ನುವಾಗ, ಒಂದು ಸಂಜೆ ಅವಳು ಡಿಪೋದಿಂದ ಬಂದು ಗೇಟು ತೆರೆದಳು. ಅಂಗಳ ಬೋಳಾಗಿತ್ತು. ಎಲ್ಲ ಹುಲ್ಲನ್ನೂ ನೆಲಕ್ಕೆ ಹತ್ತುವಂತೆ, ಗುಂಡಗೆ, ಅಚ್ಚುಕಟ್ಟಾಗಿ ಕತ್ತರಿಸಲಾಗಿತ್ತು. ಸೈನ್ಯಕ್ಕೆ ಹೊಸದಾಗಿ ಸೇರಿದವರ ತಲೆಗಳು ಸಾಲಾಗಿ ನೆಲದಿಂದ ಇಣುಕಿದಂತಿತ್ತು. ತಮ್ಮನು ತನ್ನ ಅಂಗಡಿಯ ಕತ್ತರಿಯನ್ನೇ ಹಿಡಿದುಕೊಂಡು, ಮುಖದ ಬೆವರು ಒರೆಸುತ್ತ ನಿಂತಿದ್ದ.

"ನಾಲ್ಕೂ ಕಡೆ ಸಮ ಬಂದಿದೆ ನೋಡಕ್ಕ" ಎಂದ. ದನಿಯಲ್ಲಿ ಧೈರ್ಯವಿರಲಿಲ್ಲ.

ರೈಟಕ್ಕ ಕೂಗಲಿಲ್ಲ. ಕೂಗಿದ್ದರೆ ಅವನಿಗೇ ಸಮಾಧಾನವಾಗುತ್ತಿತ್ತು. ಕತ್ತರಿಸಿ ಒಟ್ಟಿದ್ದ ರಾಶಿಯಿಂದ ಒಂದು ತೆನೆ ಎತ್ತಿಕೊಂಡು ತಿರುಗಿಸಿ ನೋಡಿದಳು.

"ಗಿರಾಕಿ ಒಪ್ಪದೆ ನಿನ್ನ ಅಂಗಡೀಲಿ ಯಾರ ತಲೆಗಾದ್ರೂ ಕತ್ತರಿ ಹಾಕ್ತೀಯೇನೋ?"

ಅವನು ತಲೆ ತಗ್ಗಿಸಿದ. ಅಷ್ಟರಲ್ಲಿ ಒಳಗಿನಿಂದ ಅವನ ಹೆಂಡತಿ ಬಾಗಿಲಿಗೆ ಬಂದಳು. ಹೊಲಿಗೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ನಾನೇ ಹೇಳಿದ್ದು ಅತ್ತಿಗೆ. ಬೈಯೋದಿದ್ರೆ ನನ್ನ ಬೈಯಿರಿ."

"ಯಾಕೆ ಹೇಳ್ದೆ? ಬೀದಿಯವರ ಮಾತಿಗಾ?"

"ಬೀದಿಯವರು ಏನಂದ್ರೆ ನನಗೇನು." ಅವಳು ಮೆಟ್ಟಿಲಿಳಿದು ಬರಲಿಲ್ಲ. ಹೊಸ್ತಿಲೊಳಗೇ ನಿಂತು ಮಾತಾಡಿದಳು. "ನಾವು ಚಿಕ್ಕವರಿದ್ದಾಗ ನಮ್ಮ ಮನೆ ಊರಾಚೆ ಇತ್ತು. ಹಿತ್ತಿಲ ತುಂಬ ಹೀಗೇ ಹುಲ್ಲು. ನಮ್ಮಕ್ಕ ಬಟ್ಟೆ ಒಣಗಿಸೋಕೆ ಹೋದೋಳು ಕಿರುಚಿದ್ಲು. ಹಾವು ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು, ಯಾರಿಗೂ ಕಾಣಲಿಲ್ಲ. ಅವಳು ಉಳ್ಕೊಂಡ್ಲು. ಆದ್ರೆ ಕಾಲು ಮೊದಲಿನ ಹಾಗೆ ಆಗಲೇ ಇಲ್ಲ. ನಾನು ಇವತ್ತಿಗೂ ಬಾಗಿಲು ತೆಗೆಯೋ ಮುಂಚೆ ನೆಲ ನೋಡ್ತೀನಿ. ಎರಡು ವರ್ಷದಿಂದ ಮುಂದಿನ ಬಾಗಿಲಲ್ಲಿ ನಾನು ಹೊರಗೆ ಹೋಗಿಲ್ಲ. ನೀವು ನೋಡಿದ್ದೀರಾ?"

ರೈಟಕ್ಕ ನೋಡಿರಲಿಲ್ಲ. ತುಂಬಿದ ಬಸ್ಸಿನಲ್ಲಿ ಯಾರು ಟಿಕೆಟ್ ತೆಗೆದುಕೊಂಡಿಲ್ಲ ಎಂದು ಮುಖ ನೋಡಿಯೇ ಹೇಳುತ್ತಿದ್ದವಳು ಅವಳು. ಒಂದೇ ಒಲೆಯ ಅಡುಗೆ ಉಣ್ಣುವ ತಮ್ಮನ ಹೆಂಡತಿ ಹಿಂಬಾಗಿಲಿನಿಂದ ಸುತ್ತು ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದುದು, ಬಟ್ಟೆಗಳನ್ನು ತಾರಸಿಯ ಮೇಲೆ ಒಣಗಿಸುತ್ತಿದ್ದುದು ಕಣ್ಣೆದುರೇ ಇದ್ದರೂ ಅವಳಿಗೆ ಕಂಡಿರಲಿಲ್ಲ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಮೊದಲೇ ಹೇಳಬಾರದಿತ್ತಾ?"

"ನೀವು ಕಾಲು ಮುರ್ಕೊಂಡು ಆ ಕೋಣೆ ಸೇರಿದ ಮೇಲೆ ಮನೇಲಿ ನಕ್ಕಿದ್ದೇ ಆ ಹುಲ್ಲು ತಂದ ದಿನ. ಹೇಗೆ ಹೇಳಲಿ?"

ತಮ್ಮ ಕತ್ತರಿಯನ್ನು ಜೇಬಿಗೆ ಹಾಕಲು ನೋಡಿ, ಅದು ಹಿಡಿಸದೆ ಕೈಯಲ್ಲೇ ಇಟ್ಟುಕೊಂಡ.

"ನೋಡು ಕಣಮ್ಮ" ಎಂದಳು ರೈಟಕ್ಕ ಕೊನೆಗೆ. "ಹುಲ್ಲನ್ನ ನಾನು ಬಿಡಲ್ಲ. ಅದು ಬೆಳೆದ ಜಾಗಾನೇ ಈಗ ಇಲ್ಲ, ಬಿಟ್ರೆ ಅದಕ್ಕೆ ಬೇರೆ ಮನೆ ಇಲ್ಲ. ಹಾಗಂತ ನಿನ್ನನ್ನ ಹಿಂಬಾಗಿಲಲ್ಲಿ ಓಡಾಡಿಸೋದೂ ಇಲ್ಲ. ಎರಡಕ್ಕೂ ಜಾಗ ಮಾಡ್ತೀನಿ."

"ಇಷ್ಟು ಅಂಗಳದಲ್ಲಿ ಎಲ್ಲಿದೆ ಜಾಗ?"

"ಜಾಗ ಇಲ್ಲ ಅಂತ ನಾನು ಯಾರನ್ನಾದ್ರೂ ಬಸ್ಸಿಂದ ಇಳಿಸಿದ್ದೀನಾ? ಎಲ್ಲ ಸ್ವಲ್ಪ ಸ್ವಲ್ಪ ಸರಿದ್ರೆ ಆಗುತ್ತೆ."

ಆದರೆ ಸರಿಸುವುದಕ್ಕೆ ಮೊದಲು ಹುಲ್ಲು ಉಳಿಯಬೇಕಿತ್ತು. ಕತ್ತರಿಸಿದ ವಾರವೇ ಕಾಲವಲ್ಲದ ಕಾಲದಲ್ಲಿ ಮಳೆ ಹುಯ್ಯಿತು. ಕೊಳವೆಯಂಥ ತುಂಡು ಕಡ್ಡಿಗಳಲ್ಲಿ ನೀರು ನಿಂತಿತು. ರೈಟಕ್ಕ ಬೆಳಿಗ್ಗೆ ಎದ್ದಕೂಡಲೇ ಬುಡಗಳನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ಮೆತ್ತಗಾದರೆ ಅದು ಹೋಯಿತೆಂದೇ ಅರ್ಥ. ಒಂದರ ನಂತರ ಒಂದು ಮೆತ್ತಗಾದವು. ಕುದುರೆಬಾಲದಲ್ಲಿ ಒಂದೇ ಒಂದು ಬುಡ ಗಟ್ಟಿಯಾಗಿ ಉಳಿಯಿತು. ತಾಮ್ರದ್ದು ಕೆಲವು ಉಳಿದವು. ತಮ್ಮ ದಿನಾ ಅಂಗಡಿಗೆ ಹೊರಡುವ ಮುಂಚೆ ಬಂದು ಅವಳ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದ. "ಇದು?" ಎಂದು ಕೇಳುತ್ತಿದ್ದ. ಅವಳು ಇಲ್ಲವೆಂದು ತಲೆಯಾಡಿಸಿದರೆ ಎದ್ದು ಹೋಗುತ್ತಿದ್ದ.

ಮೇಡಂ ಮತ್ತೆ ಕೊಡೆಗೆಂದು ಬಂದಾಗ ರೈಟಕ್ಕ ಹಾವಿನ ಮಾತು ತೆಗೆದಳು. ಮೇಡಂ ತಳ್ಳಿಹಾಕಲಿಲ್ಲ. "ಹಾವು ಬರೋದು ಹುಲ್ಲಿನ ಆಸೆಗಲ್ಲ, ಇಲಿಯ ಆಸೆಗೆ, ಮರೆಯ ಆಸೆಗೆ" ಎಂದರು. "ಕಲ್ಲು ರಾಶಿ, ಒಣ ಕಸದ ರಾಶಿ, ಗೋಡೆಯ ತೂತು, ಇವು ಇರಬಾರದು. ಹುಲ್ಲನ್ನ ಒತ್ತೊತ್ತಾಗಿ ನೆಡಬೇಡಿ. ಪ್ರತಿ ಬುಡದ ಸುತ್ತ ನೆಲ ಕಾಣಬೇಕು. ಜಲ್ಲಿ ಹಾಸಿದ್ರೆ ಒಳ್ಳೇದು, ಏನು ಹರಿದ್ರೂ ಕಾಣುತ್ತೆ."

ಆ ಬೇಸಿಗೆಯೆಲ್ಲ ರೈಟಕ್ಕನ ರಜೆಗಳು ಅಂಗಳಕ್ಕೇ ಹೋದವು. ತುಕ್ಕು ಹಿಡಿದ ಡ್ರಮ್ಮು ಗುಜರಿಗೆ ಹೋಯಿತು. ಗೋಡೆಯ ಬುಡದ ಬಿಲಗಳನ್ನೆಲ್ಲ ಅವಳು ಕಲ್ಲು ತುರುಕಿ ಸಿಮೆಂಟಿನಿಂದ ಮುಚ್ಚಿದಳು. ಗೇಟಿನಿಂದ ಬಾಗಿಲವರೆಗೆ ಇಬ್ಬರು ಒಟ್ಟಿಗೆ ನಡೆಯುವಷ್ಟು ಅಗಲದ ದಾರಿ ಬಿಟ್ಟು, ಸಣ್ಣ ಜಲ್ಲಿ ತರಿಸಿ ಹಾಸಿದಳು. ತಮ್ಮನ ಹೆಂಡತಿಯನ್ನು ಕಿಟಕಿಯ ಹತ್ತಿರ ನಿಲ್ಲಿಸಿ, ತಾನು ಅಂಗಳದಲ್ಲಿ ಒಂದು ಕೋಲು ನೆಟ್ಟು, "ಇಲ್ಲಿ ಒಂದು ಬುಡ ಇದ್ರೆ ಅದರ ಹಿಂದಿನ ನೆಲ ಕಾಣುತ್ತಾ?" ಎಂದು ಕೇಳುತ್ತಿದ್ದಳು. "ಇಲ್ಲ" ಎಂದರೆ ಕೋಲು ಕಿತ್ತು ಸರಿಸುತ್ತಿದ್ದಳು. ಹೀಗೆ ಒಂದೊಂದೇ ಜಾಗವನ್ನು ಕಿಟಕಿಯೊಳಗಿನಿಂದ ಅವಳೇ ಆರಿಸಿದಳು.

"ಹಾವು ಬರೋದೇ ಇಲ್ಲ ಅಂತ ನಾನು ಮಾತು ಕೊಡಲ್ಲ" ಎಂದು ರೈಟಕ್ಕ ಅವಳಿಗೆ ನೇರವಾಗಿ ಹೇಳಿದಳು. "ಬಂದ್ರೆ ನಿನಗೆ ಮೊದಲು ಕಾಣುತ್ತೆ. ಅಷ್ಟು ಮಾತ್ರ ಕೊಡ್ತೀನಿ."

"ಅಷ್ಟು ಸಾಕು" ಎಂದಳು ತಮ್ಮನ ಹೆಂಡತಿ. "ಬರೋದೇ ಇಲ್ಲ ಅಂದಿದ್ರೆ ನಂಬ್ತಿರಲಿಲ್ಲ."

ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಉಳಿದ ಬುಡಗಳನ್ನು ಸೀಳುವ ಕೆಲಸ. ಹೊಸ ಬುಡಗಳು ಬೇಕೆಂದರೆ ಹಳೆಯದನ್ನು ಒಡೆಯುವುದೊಂದೇ ದಾರಿ. ಮೇಲೆತ್ತಿದ ತಾಮ್ರದ ಬುಡಕ್ಕೆ ಗುದ್ದಲಿ ಹಾಕಿದರೆ ಅದು ರಬ್ಬರಿನಂತೆ ಹಿಂದಕ್ಕೆ ಚಿಮ್ಮಿತು. ಚಾಕು ಬಾಗಿತು. ಕೊನೆಗೆ ಪಕ್ಕದ ಬೀದಿಯ ಬಡಗಿಯಿಂದ ಗರಗಸ ತಂದರು. ತಮ್ಮ ಎರಡೂ ಕೈಯಲ್ಲಿ ಬುಡವನ್ನು ಒತ್ತಿ ಹಿಡಿದ, ರೈಟಕ್ಕ ಕಾಲು ಚಾಚಿ ಕೂತು ಕೊಯ್ದಳು. ಬೇರಿನ ಚೂರುಗಳು ಇಬ್ಬರ ಮುಖಕ್ಕೂ ಹಾರಿದವು.

"ಎಷ್ಟು ವರ್ಷದ ತಲೆಗೂದಲಕ್ಕ ಇದು" ಎಂದು ಏದುಸಿರು ಬಿಟ್ಟ ತಮ್ಮ. "ನನ್ನ ಯಾವ ಗಿರಾಕಿಗೂ ಇಷ್ಟು ಗಟ್ಟಿ ಇಲ್ಲ."

"ನಿನ್ನ ಗಿರಾಕಿಗಳಿಗೆ ಕೂದಲೇ ಎಲ್ಲಿದೆ. ಅಲ್ಲಾಡಿಸಬೇಡ, ಹಿಡ್ಕೋ."

ನಡುವಿನ ಹಳೆಯ, ಟೊಳ್ಳು ಬಿದ್ದ ಭಾಗವನ್ನು ಬಿಸಾಡಿ, ಸುತ್ತಲಿನ ಎಳೆಯ ಹೋಳುಗಳನ್ನು ಇಟ್ಟುಕೊಂಡರು. ಪ್ರತಿ ಹೋಳಿಗೂ ಬೇರು ಇರಬೇಕು, ಚಿಗುರೂ ಇರಬೇಕು. ನೆಲದ ಮಟ್ಟಕ್ಕೆ ಇಟ್ಟು, ಕಾಲಿನಿಂದ ಮೆಲ್ಲಗೆ ಒತ್ತಿ, ಒಮ್ಮೆ ಆಳಕ್ಕೆ ನೀರುಣಿಸಿ ಬಿಟ್ಟರು. ಕುದುರೆಬಾಲದ ಆ ಒಂಟಿ ಬುಡವನ್ನು ಸೀಳಲು ರೈಟಕ್ಕನಿಗೆ ಧೈರ್ಯ ಸಾಲಲಿಲ್ಲ. ಅದನ್ನು ಹಾಗೇ ಬಿಟ್ಟಳು.

ಆ ವರ್ಷ ಹುಲ್ಲು ಮೊಣಕಾಲೆತ್ತರಕ್ಕೆ ನಿಂತುಬಿಟ್ಟಿತು. ಮೇಲೆ ಬರಲಿಲ್ಲ, ತೆನೆಯೂ ಹಾಕಲಿಲ್ಲ. ಪಿಂಚಣಿ ತಾತ ಗೋಡೆಯಾಚೆಯಿಂದ, "ಜಲ್ಲಿ ಬೆಳೆ ಚೆನ್ನಾಗಿ ಬಂದಿದೆ" ಎಂದು ಹಾಸ್ಯ ಮಾಡಿದರು. "ಬೇರು ಇಳೀತಿದೆ ತಾತ. ಕೆಳಗಿನ ಕೆಲಸ ಮುಗಿದ ಮೇಲೆ ಮೇಲಿಂದು" ಎಂದಳು ರೈಟಕ್ಕ. ಒಳಗೊಳಗೆ ಅವಳಿಗೂ ಅನುಮಾನವಿತ್ತು. ಆದರೆ ಸಂಜೆ ಮೆಟ್ಟಿಲ ಮೇಲೆ ಕೂತು, ಜಲ್ಲಿಯ ನಡುವೆ ಎದ್ದ ಕಳೆಯನ್ನು ಎಟುಕಿದಷ್ಟು ಕಿತ್ತು, ಮರುದಿನ ಜಲ್ಲಿಗೇ ಇಳಿದು ಕೂತು ಮತ್ತಷ್ಟು ಕೀಳುತ್ತಿದ್ದಳು.

ಅದರ ಮುಂದಿನ ಮಳೆಗಾಲದಲ್ಲಿ ಹುಲ್ಲು ಯಾರನ್ನೂ ಕೇಳದೆ ಏರಿತು. ಮೊಣಕಾಲು, ಸೊಂಟ, ಭುಜ. ಮಳೆ ನಿಂತು ತೆನೆಗಳು ಹೊರಬಂದವು. ಎರಡು ಬುಡಗಳ ನಡುವೆ ಸಾಕಷ್ಟು ಜಾಗವಿದ್ದದ್ದರಿಂದ ಒಂದೊಂದೂ ಕಾರಂಜಿಯಂತೆ ಸುತ್ತಲೂ ಬಾಗಿ ನಿಂತಿತು. ಒತ್ತೊತ್ತಾಗಿದ್ದಾಗ ಈ ಅಂದ ಇರಲಿಲ್ಲ. ಹೆದರಿಕೆಗೆಂದು ಬಿಟ್ಟ ಜಾಗವೇ ಹುಲ್ಲಿಗೆ ರೂಪ ಕೊಟ್ಟಿತ್ತು.

ಒಂದು ಬೆಳಿಗ್ಗೆ ರೈಟಕ್ಕ ಹಲ್ಲುಜ್ಜುತ್ತ ಕಿಟಕಿಯಿಂದ ನೋಡಿದಳು. ತಮ್ಮನ ಹೆಂಡತಿ ಮುಂಬಾಗಿಲು ತೆರೆದು, ನೆಲ ನೋಡಿ, ಎಡಕ್ಕೂ ಬಲಕ್ಕೂ ಮತ್ತೊಮ್ಮೆ ನೋಡಿ, ಜಲ್ಲಿಯ ಮೇಲೆ ಕಾಲಿಟ್ಟಳು. ಗೇಟಿನವರೆಗೆ ಹೋದಳು. ಗೇಟು ಮುಟ್ಟಿ ತಿರುಗಿ ಬಂದಳು. ಬರುವಾಗ ನಡೆ ಹೋಗುವಾಗಿನಷ್ಟು ಬಿಗಿಯಾಗಿರಲಿಲ್ಲ. ರೈಟಕ್ಕ ಕಿಟಕಿಯಿಂದ ಸರಿದು ನಿಂತಳು, ನೋಡಿದೆನೆಂದು ತೋರಿಸಿಕೊಳ್ಳಲಿಲ್ಲ. ಆ ದಿನದಿಂದ ಅಂಗಡಿಗೆ ಹೋಗುವುದು ಮುಂಬಾಗಿಲಿನಿಂದಲೇ ಆಯಿತು. ಕೈಯಲ್ಲೊಂದು ಕೋಲು ಮಾತ್ರ ಇರುತ್ತಿತ್ತು. ಅದು ಇವತ್ತಿಗೂ ಇದೆ.

ತಮ್ಮನಿಗೆ ಈಗ ಅಂಗಳದಲ್ಲಿ ಅಧಿಕೃತ ಕೆಲಸವಿದೆ. ಬೇಸಿಗೆಯ ಕೊನೆಗೆ ಒಂದು ರಜೆಯ ದಿನ ಅವನು ದೊಡ್ಡ ಕತ್ತರಿ ಹಿಡಿದು, ಪ್ರತಿ ಬುಡಕ್ಕೂ ಹಗ್ಗ ಸುತ್ತಿ ಜಡೆಯಂತೆ ಕಟ್ಟಿ, ಒಂದು ಗೇಣು ಬಿಟ್ಟು ಕತ್ತರಿಸುತ್ತಾನೆ. ಶುರು ಮಾಡುವ ಮುಂಚೆ ಅಕ್ಕನ ಮುಖ ನೋಡುತ್ತಾನೆ. ಅವಳು "ರೈಟ್" ಎಂದ ಮೇಲೆಯೇ ಕತ್ತರಿ ಆಡುತ್ತದೆ. ಕತ್ತರಿಸಿದ್ದನ್ನು ಆ ದಿನವೇ ಹೊರಗೆ ಸಾಗಿಸಬೇಕು, ರಾಶಿ ಹಾಕುವಂತಿಲ್ಲ. ಅದು ಅವನ ಹೆಂಡತಿಯ ಕಟ್ಟಪ್ಪಣೆ.

ಕಳೆದ ಸಲ ಹಾಗೆ ಕತ್ತರಿಸಿ ಬೋಳಾದ ಅಂಗಳವನ್ನು ಕಂಡು, ಬೀದಿಗೆ ಹೊಸದಾಗಿ ಬಂದ ಬಾಡಿಗೆಯವರೊಬ್ಬರು ಗೇಟಿನ ಬಳಿ ನಿಂತು ಮರುಗಿದರು. "ಎಷ್ಟು ಚೆನ್ನಾಗಿತ್ತು. ಎಲ್ಲ ಹೋಯ್ತಲ್ಲ."

ರೈಟಕ್ಕ ಬಾಯಿ ತೆರೆಯುವ ಮುಂಚೆಯೇ ತಮ್ಮನ ಹೆಂಡತಿ ಉತ್ತರಿಸಿದಳು. "ಎಲ್ಲೂ ಹೋಗಿಲ್ಲ. ನೆಲದೊಳಗಿದೆ. ನಿಮಗೊಂದು ಹೋಳು ಬೇಕಾದ್ರೆ ಮೊದಲ ಮಳೆ ಬಿದ್ದ ಮೇಲೆ ಬನ್ನಿ. ಆದ್ರೆ ಗೊಬ್ಬರ ಹಾಕ್ತೀನಿ ಅಂದ್ರೆ ಕೊಡಲ್ಲ."

ರೈಟಕ್ಕ ಅವಳ ಕಡೆ ತಿರುಗಿ ನೋಡಿದಳು. ಆದರೆ ರೈಟಕ್ಕನ ತಲೆಯಲ್ಲಿ ಬೇರೊಂದು ಯೋಚನೆಯಿತ್ತು. ಮೇಡಂ ಎಲ್ಲಿಂದಲೋ ಬೀಜ ತಂದುಕೊಟ್ಟ ಒಂದು ಹುಲ್ಲು, ಹತ್ತಿಯಂಥ ಬಿಳಿ ತೆನೆಯದು, ಈ ಅಂಗಳದಲ್ಲಿ ಎಲ್ಲಿ ಹಾಕಿದರೂ ಹುಟ್ಟಿ ಸಾಯುತ್ತಿತ್ತು. ಬಾಗಿಲ ಪಕ್ಕ ಸತ್ತಿತು, ಗೋಡೆಯ ಹತ್ತಿರ ಸತ್ತಿತು, ನಡುವೆ ಬಿಸಿಲಿನಲ್ಲೂ ಸತ್ತಿತು. ಈಗ ಕಿವಿ ಮುರಿದ ಒಂದು ಕಪ್ಪಿನಲ್ಲಿ ಅದರ ಕೂದಲೆಳೆಯಂಥ ಸಸಿಗಳು ಮತ್ತೆ ಎದ್ದಿದ್ದವು. ಅವಳು ಕಪ್ಪನ್ನು ಒಂದು ಕೈಯಲ್ಲೂ ಕೋಲನ್ನು ಇನ್ನೊಂದು ಕೈಯಲ್ಲೂ ಹಿಡಿದು, ಇನ್ನೂ ಪರೀಕ್ಷಿಸದ ಈಶಾನ್ಯದ ಮೂಲೆಯ ಕಡೆಗೆ ಕುಂಟುತ್ತ ಹೊರಟಳು.

"ಕಿಟಕಿಗೆ ಹೋಗು" ಎಂದಳು ತಮ್ಮನ ಹೆಂಡತಿಗೆ. "ಇಲ್ಲಿಟ್ಟರೆ ಹಿಂದಿನ ನೆಲ ಕಾಣುತ್ತಾ ನೋಡಿ ಹೇಳು."